ಜೀರಿಗೆ ಮೇಡಂ ಮತ್ತು ಅವರ ಅಕ್ಕ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಜೀರಿಗೆ ಮೇಡಂ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಆಯುಸ್ಸಿನ ಒಳ್ಳೆಯ ಭಾಗವೆಲ್ಲ ಕರಿಜೀರಿಗೆಯ ಬೆನ್ನು ಹತ್ತಿಯೇ ಕಳೆದುಹೋಗಿತ್ತು. ಬೀಜ ಒಣಗಿಸುವುದು, ಹಿಂಡಿ ಎಣ್ಣೆ ತೆಗೆಯುವುದು, ಬೆಳಕು ತಾಗದಂತೆ ಕಂದು ಬಾಟಲಿಗೆ ತುಂಬುವುದು, ಆ ಎಣ್ಣೆ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಕಾದು ನೋಡುವುದು. ಅದರ ಘಾಟು ಬಟ್ಟೆಗೂ ಕೂದಲಿಗೂ ಹತ್ತಿಕೊಂಡು, ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಅರಳಿಸಿ ಅವಳ ಚೀಲದ ಕಡೆ ನೋಡುತ್ತಿದ್ದರು.

ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಎಣ್ಣೆ ಕುಡಿಸಿದಾಗ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಅದೊಂದು ಒಳ್ಳೆಯ ದಿನ. "ಗುಡ್ಡ ಅಗೆದು ಇಲಿ ಹಿಡಿದ್ರು ಅಂತಾರೆ. ನಾವು ಇಲಿ ಹಿಡ್ಕೊಂಡೇ ಗುಡ್ಡ ಅಗೀಬೇಕು," ಎಂದು ಪಂಜರ ತೊಳೆಯುವವನು ನಕ್ಕಿದ್ದ. ಅವಳಿಗೂ ನಗು ಬಂದಿತ್ತು.

ಆಮೇಲೆ ಪತ್ರಿಕೆಯವನೊಬ್ಬ ಬಂದ. ಇದು ಇಲಿಗಳ ಮಾತು, ಮನುಷ್ಯರಲ್ಲಿ ಇನ್ನೂ ನೋಡಬೇಕು ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಅವನು ತಲೆಯಾಡಿಸಿ ಬರೆದುಕೊಂಡ. ಮರುದಿನ ಅಚ್ಚಾದದ್ದು, ಸಕ್ಕರೆ ಕಾಯಿಲೆಗೆ ಕರಿಜೀರಿಗೆ ಮದ್ದು ಎಂದು. ಇಲಿಗಳು ಎಲ್ಲೂ ಇರಲಿಲ್ಲ.

ಅಕ್ಕ ಆ ಪುಟವನ್ನು ಕತ್ತರಿಸಿ ತನ್ನ ಹೊಲಿಗೆ ಅಂಗಡಿಯ ಗೋಡೆಗೆ ಅಂಟಿಸಿದಳು. ಅಕ್ಕ ಎಂದರೆ ತಾಯಿ ಇದ್ದ ಹಾಗೆ. ಅಮ್ಮ ತೀರಿಕೊಂಡ ಮೇಲೆ ತಂಗಿಗೆ ತಲೆ ಬಾಚಿ, ಹೊಲಿಗೆ ಯಂತ್ರ ತುಳಿದು ಓದಿಸಿದವಳು ಅವಳೇ. ಅಳತೆ ಕೊಡಲು ಬಂದವರಿಗೆಲ್ಲ ಗೋಡೆ ತೋರಿಸಿ, ನಮ್ಮವಳು ಕಂಡುಹಿಡಿದದ್ದು ಎಂದು ಹೇಳುತ್ತಿದ್ದಳಂತೆ. ಅಕ್ಕನಿಗೂ ಸಕ್ಕರೆ ಕಾಯಿಲೆ ಇತ್ತು. ತಂಗಿ ಆ ಪುಟವನ್ನು ನೋಡಿ, ಅದು ಹಾಗಲ್ಲ ಕಣೇ ಅಕ್ಕ ಎಂದು ಒಂದು ಸಲ ಶುರುಮಾಡಿದ್ದಳು. ಅಷ್ಟರಲ್ಲಿ ಗಿರಾಕಿ ಬಂದರು. ಮಾತು ಅಲ್ಲಿಗೇ ನಿಂತಿತು. ಮತ್ತೆ ಎತ್ತಲು ಅವಳಿಗೂ ಮನಸ್ಸಾಗಲಿಲ್ಲ. ಅಕ್ಕನ ಮುಖದಲ್ಲಿ ಅಂಥ ಬೆಳಕು ಕಂಡು ಬಹಳ ಕಾಲವಾಗಿತ್ತು.

ಮನುಷ್ಯರ ಮೇಲಿನ ಪರೀಕ್ಷೆ ಆಸ್ಪತ್ರೆಯ ಮೂಲೆ ಕೋಣೆಯೊಂದರಲ್ಲಿ ಶುರುವಾಯಿತು. ಬಂದವರು ತಮ್ಮ ಮಾಮೂಲಿ ಮಾತ್ರೆ ಬಿಡುವಂತಿಲ್ಲ. ಅದರ ಜೊತೆಗೆ ಅರ್ಧ ಜನಕ್ಕೆ ಕರಿಜೀರಿಗೆ ಎಣ್ಣೆಯ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಅಡುಗೆ ಎಣ್ಣೆ ತುಂಬಿದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊನೆಯವರೆಗೆ ಅವಳಿಗೂ ಗೊತ್ತಾಗುವಂತಿರಲಿಲ್ಲ. ನಿವೃತ್ತ ಚಾಲಕನೊಬ್ಬ ಗುಳಿಗೆ ಕಚ್ಚಿ ನೋಡಿ, ನನಗೆ ಕೊಟ್ಟಿದ್ದು ಡೂಪ್ಲಿಕೇಟು ಎಂದು ಜಗಳಕ್ಕೆ ನಿಂತ. ಅವನನ್ನು ಸಮಾಧಾನ ಮಾಡಿ, ಪರೀಕ್ಷೆಯಿಂದ ಕೈಬಿಟ್ಟು, ತಲೆ ಹಿಡಿದುಕೊಂಡು ಕೂತಿದ್ದಾಗಲೇ ಭಾವನ ಫೋನು ಬಂತು. ಅಕ್ಕ ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿದ್ದಳು.

ಕತ್ತರಿ ಕಾಲಿನ ಮೇಲೆ ಬಿದ್ದು ಹೆಬ್ಬೆರಳಿಗೆ ಗಾಯವಾಗಿತ್ತು. ಗಾಯ ಮಾಯಲಿಲ್ಲ, ಕೀವಾಯಿತು, ಬೆರಳು ಕಪ್ಪಾಯಿತು. ಅಕ್ಕ ಯಾರಿಗೂ ಹೇಳದೆ ಕಾಲುಚೀಲ ಹಾಕಿಕೊಂಡು ಯಂತ್ರ ತುಳಿಯುತ್ತಿದ್ದಳು. ಮಾತ್ರೆ ಬಿಟ್ಟು ತಿಂಗಳುಗಳೇ ಆಗಿದ್ದವು. ದಿನಾ ಬೆಳಿಗ್ಗೆ ಒಂದು ಚಮಚ ಕರಿಜೀರಿಗೆ ಎಣ್ಣೆ, ಅಷ್ಟೇ. ವೈದ್ಯರು ಬೆರಳು ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು.

ಅಕ್ಕನಿಗೆ ಎಚ್ಚರವಾದಾಗ ತಂಗಿ ಹಾಸಿಗೆಯ ಪಕ್ಕದಲ್ಲಿದ್ದಳು. ಬೈಯಬೇಕೆಂದುಕೊಂಡೇ ಕೂತಿದ್ದಳು.

"ಆ ಎಣ್ಣೆ ಮೇಲೆ ಅಷ್ಟೊಂದು ನಂಬಿಕೆ ಯಾಕೆ ಇಟ್ಟೆ ಅಕ್ಕ?" ಎಂದು ಕೇಳಿದಳು.

"ಎಣ್ಣೆ ಮೇಲೆ ಯಾರು ಇಟ್ರು? ನಿನ್ನ ಮೇಲೆ ಇಟ್ಟಿದ್ದೆ," ಎಂದಳು ಅಕ್ಕ. ಕೋಪವಿರಲಿಲ್ಲ. ನೀರು ಕೇಳಿದಷ್ಟೇ ಸಹಜವಾಗಿ ಹೇಳಿ ಗೋಡೆಯ ಕಡೆ ಹೊರಳಿದಳು.

ಆ ಮಾತು ತಂಗಿಯೊಳಗೆ ಮುಳ್ಳಿನಂತೆ ಕೂತಿತು. ಆದರೂ ಮರುದಿನ ಮೇಲಿನ ಕೋಣೆಗೆ ಹೋಗಲೇಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ಬಂದವರು ಸಾಲಾಗಿ ಕೂತಿದ್ದರು. ರಕ್ತ ತೆಗೆಸಿಕೊಳ್ಳಲು ತೋಳು ಚಾಚಿದ ಪ್ರತಿಯೊಬ್ಬರನ್ನೂ ಅವಳು ಮಾತ್ರೆ ಬಿಟ್ಟಿಲ್ಲ ತಾನೇ ಎಂದು ಕೇಳಿದಳು. ಹೋದ ಸಲಾನೂ ಕೇಳಿದ್ರಲ್ಲ ಎಂದು ಕೆಲವರು ಗೊಣಗಿದರು.

ಪರೀಕ್ಷೆ ಮುಗಿದು ಲೆಕ್ಕ ಬಿಚ್ಚಿದಾಗ ಕರಿಜೀರಿಗೆ ಎಣ್ಣೆಯ ಗುಳಿಗೆ ನುಂಗಿದವರಲ್ಲಿ ಸಕ್ಕರೆ ಕೊಂಚ ಇಳಿದಿತ್ತು. ಅಡುಗೆ ಎಣ್ಣೆಯದನ್ನು ನುಂಗಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆಂದು ಊಟದಲ್ಲಿ ಎಲ್ಲರೂ ಹಿಡಿತಕ್ಕೆ ಬಂದಿದ್ದರೋ ಏನೋ. ಎರಡರ ನಡುವಿನ ಅಂತರ ಇದ್ದೂ ಇಲ್ಲದಂತಿತ್ತು. ನಿರ್ದೇಶಕರು ವರದಿ ಓದಿ ಕನ್ನಡಕ ತೆಗೆದಿಟ್ಟರು. 'ಫಲಿತಾಂಶ ಭರವಸೆ ಮೂಡಿಸಿದೆ' ಎಂದು ಒಂದು ಸಾಲು ಸೇರಿಸಿದರೆ ಯಾರ ಗಂಟು ಹೋಗುತ್ತದೆ ಎಂದು ಕೇಳಿದರು.

"ನಮ್ಮ ಅಕ್ಕನ ಬೆರಳು ಹೋಯ್ತು ಸಾರ್," ಎಂದಳು ಅವಳು.

ಅವರು ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ವರದಿ ಇದ್ದಂತೆಯೇ ಹೋಯಿತು. ಪತ್ರಿಕೆಯವನಿಗೆ ಅವಳೇ ಫೋನು ಮಾಡಿದಳು. ಏನೂ ಆಗಲಿಲ್ಲ ಅನ್ನೋದು ಸುದ್ದಿ ಹೇಗಾಗುತ್ತೆ ಮೇಡಂ ಎಂದು ಅವನು ಸೌಜನ್ಯದಿಂದಲೇ ಕೇಳಿದ. ಅವಳು ಮತ್ತೂ ಎರಡು ಸಲ ಫೋನು ಮಾಡಿದಳು, ಆಮೇಲೆ ಬಿಟ್ಟಳು.

ಹೊಸ ವರ್ಷದಿಂದ ಅವಳ ಪಾಲಿಗೆ ಬಂದ ಕೆಲಸ ಸಣ್ಣದು. ಹಿಂಡಿದ ಎಣ್ಣೆ ಯಾವ ಬಾಟಲಿಯಲ್ಲಿ, ಎಷ್ಟು ಸೆಕೆಯಲ್ಲಿ, ಯಾವಾಗ ಕಮಟುತ್ತದೆ ಎಂದು ನೋಡುವುದು. ಒಂದು ಕಪಾಟಿನ ಮುಂದೆ ನಿಂತು ಮೂಸುವುದು, ಅಳೆಯುವುದು. ಇದಕ್ಕಾದರೂ ಉತ್ತರ ಸಿಗುತ್ತದೆ ಎಂದು ಅವಳು ಒಪ್ಪಿಕೊಂಡಳು. ಒಪ್ಪದೆ ಹಟ ಹಿಡಿಯುವ ಕಸುವೂ ಉಳಿದಿರಲಿಲ್ಲ.

ಒಂದು ಸಂಜೆ ಅಂಗಡಿಗೆ ಹೋದಾಗ ಅಕ್ಕ ಮೆತ್ತನೆಯ ಅಗಲ ಚಪ್ಪಲಿ ಹಾಕಿಕೊಂಡು ಎಡಗಾಲಲ್ಲಷ್ಟೇ ಯಂತ್ರ ತುಳಿಯುತ್ತಿದ್ದಳು. ರವಿಕೆ ಹೊಲಿಸಲು ಬಂದವಳೊಬ್ಬಳು ಆ ಎಣ್ಣೆ ಎಲ್ಲಿ ಸಿಗುತ್ತೆ ಎಂದು ವಿಚಾರಿಸಿದಳು. ಅಕ್ಕ ದಾರ ಕಚ್ಚಿ ತುಂಡರಿಸಿ, ಮೊದಲು ಡಾಕ್ಟರು ಕೊಟ್ಟ ಮಾತ್ರೆ ನುಂಗು, ಆಮೇಲೆ ಎಣ್ಣೆ ವಿಷಯ ಎಂದಳು. ಅವಳು ಹೋದ ಮೇಲೆ ತಂಗಿಯ ಹೊಸ ಕೆಲಸದ ಬಗ್ಗೆ ಕೇಳಿದಳು. ತಂಗಿ ಹೇಳಿದಳು.

"ಅದರಿಂದ ಏನು ಉಪಯೋಗ?"

"ಕೆಟ್ಟಿರೋದನ್ನ ಜನ ತಿನ್ನಲ್ಲ. ಅಷ್ಟೇ."

"ಅಷ್ಟಾದ್ರೆ ಸಾಕು ಬಿಡು," ಎಂದು ಅಕ್ಕ ರವಿಕೆಯ ಇನ್ನೊಂದು ತೋಳನ್ನು ಸೂಜಿಯ ಕೆಳಗೆ ಜೋಡಿಸಿದಳು. ತಂಗಿ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಅಂಗಡಿ ಮುಚ್ಚುವವರೆಗೂ ಅಕ್ಕ ಅವಳನ್ನು ಎಬ್ಬಿಸಲಿಲ್ಲ.