ನಮ್ಮ ಮಾವನ ಛರ್ರಾ ಬಂದೂಕು

ಬಂದೂಕು ಹಾರಿಸುವ ಮೊದಲು ಹೆಂಡತಿಯ ಅಪ್ಪಣೆ ಕೇಳುತ್ತಿದ್ದ ಮನುಷ್ಯನೆಂದರೆ ನಾನು ಕಂಡಂತೆ ನಮ್ಮ ಮಾವನವರೊಬ್ಬರೇ. ಅಂಗಳದ ಕಟ್ಟೆಯ ಮೇಲೆ ಕೂತು, ಛರ್ರಾ ಬಂದೂಕಿನ, ಅಂದರೆ ಏರ್‌ಗನ್ನಿನ, ನಳಿಗೆ ಮಡಚಿ, ಸೀಸದ ಗುಂಡು ತುಂಬಿ, ಒಳಕೋಣೆಯ ಕಡೆ ಮುಖ ಮಾಡಿ "ಹೋಲ್ಡಾನ್" ಎನ್ನುತ್ತಿದ್ದರು. ಲಕ್ವಾ ಹೊಡೆದು ಮಂಚ ಹಿಡಿದಿದ್ದ ಅತ್ತೆ, ಆಡುವ ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಬ್ಬಿಣದ ಸರಳಿಗೆ ಎರಡು ಸಲ ಬಡಿಯುತ್ತಿದ್ದರು. ಜೇವರ್ಗಿ–ನೆಲೋಗಿ ಬಸ್ಸಿನಲ್ಲಿ ಕಂಡಕ್ಟರಾಗಿ ಕೂದಲು ಬೆಳ್ಳಗಾದವರಿಗೆ ಎರಡು ಸಪ್ಪಳವೆಂದರೆ ಹೊರಡು ಎಂದೇ ಅರ್ಥ. "ರೈಟ್" ಎಂದು ಗುಂಡು ಬಿಡುತ್ತಿದ್ದರು.

ಗುಂಡು ಹೋಗಿ ಬೀಳುತ್ತಿದ್ದುದು ಮಣ್ಣು ತುಂಬಿದ ಗೋಣಿಚೀಲಕ್ಕೆ. ಮಾಳಿಗೆಯ ಮೇಲೆ ನಾನು ಒಣಹಾಕಿದ ಸಂಡಿಗೆಗೆ ಬರುವ ಮಂಗಗಳು ಆ ಸಪ್ಪಳಕ್ಕೆ ಓಡಬೇಕು, ಅಷ್ಟೇ. "ಹನುಮಪ್ಪನ ಮಂದಿ ಅವು. ಅಂಜಿಸಬೇಕು, ಹೊಡೀಬಾರ್ದು" ಎನ್ನುತ್ತಿದ್ದರು.

ಮಂಗ ಅಂಜುತ್ತಿದ್ದವು, ನಿಜ. ಅತ್ತೆಯೂ ಅಂಜುತ್ತಿದ್ದರು. ಗಂಡನ ಆಟಕ್ಕೆ ಬೇಡ ಎನ್ನಲಾರದೆ ತಾವೇ ಅಪ್ಪಣೆ ಕೊಟ್ಟಿದ್ದರೂ, ಒಳಗಿನ ಸ್ಪ್ರಿಂಗು ಠಣ್ ಎಂದ ಕೂಡಲೇ ಅವರ ಮೈಯೆಲ್ಲ ನಡುಗಿ ಬಾಯಿಗಿಟ್ಟ ಅಂಬಲಿ ಹಾಸಿಗೆಯ ಪಾಲಾಗುತ್ತಿತ್ತು. ಹಾಸಿಗೆ ಒಗೆಯುವವಳು ನಾನು. ಒಗೆದು ಒಗೆದು ನನ್ನ ರಟ್ಟೆ ಸೋತಿದ್ದವು.

"ಮಾವಾ, ಬಂದೂಕು ಬಿಟ್ಟು ಕೋಲು ಹಿಡೀರಿ" ಎಂದೆ ಒಂದು ದಿನ.

"ಕೋಲು ಹಿಡ್ಕೊಂಡು ಮಾಳಿಗಿ ಹತ್ತಾಕ ಮೊಣಕಾಲು ಬಿಡಂಗಿಲ್ಲವ್ವ. ತಡಿ, ಇದರ ಬಾಯಿನ ಮುಚ್ಚಸ್ತೇನಿ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂದುಕೊಂಡೆ. ಟಿಕೆಟ್ ಹರಿದ ಕೈಗೆ ಸ್ಕ್ರೂಡ್ರೈವರ್ ಹೊಸತು. ಚಾದರ ಹಾಸಿ ಬಂದೂಕು ಬಿಚ್ಚಿದರು. ಹಿಂದಿನ ಮೊಳೆ ಕಿತ್ತದ್ದೇ ತಡ, ಸ್ಪ್ರಿಂಗು ಚಿಮ್ಮಿ ನೀರಿನ ಕೊಡಕ್ಕೆ ಬಡಿಯಿತು. ಪುಣ್ಯಕ್ಕೆ ಮುಖಕ್ಕಲ್ಲ. ಅದನ್ನು ಒರೆಸಿ, ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದು ಧಾರಾಳವಾಗಿ ಸುರಿದರು. ಬೇಡವೆಂದರೆ ಕೇಳಬೇಕಲ್ಲ. "ಪಲ್ಯಾಕೂ ಇದ, ಮೊಣಕಾಲಿಗೂ ಇದ. ಇದಕ್ಯಾಕ ಆಗಂಗಿಲ್ಲ?"

ಹೋಲ್ಡಾನ್ ಆಯಿತು, ಎರಡು ಬಡಿತ ಆಯಿತು, ರೈಟ್ ಆಯಿತು. ಒಳಗಿನ ಎಣ್ಣೆಯೇ ಒತ್ತಡಕ್ಕೆ ಹೊತ್ತಿಕೊಂಡು, ದೀಪಾವಳಿ ಪಟಾಕಿಯಂತೆ ಸಿಡಿಯಿತು. ನಳಿಗೆಯಿಂದ ಹೊಗೆ, ಓಣಿಯ ತುಂಬ ಭಜಿ ಕರಿದ ವಾಸನೆ. ಅತ್ತೆಯ ನಡುಕ ಸಂಜೆಯಾದರೂ ನಿಲ್ಲಲಿಲ್ಲ, ಹನಿ ಅಂಬಲಿಯೂ ಇಳಿಯಲಿಲ್ಲ. ಮಾವ ಅವರ ಪಾದ ಹಿಡಿದು ಕೂತಿದ್ದರು. "ತಪ್ಪಾತು ಬೇ, ಇನ್ನ ಹಂಗ ಆಗಂಗಿಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಬೈಯಬೇಕೆಂದು ಬಂದ ನಾನು ಬಾಗಿಲಿಂದಲೇ ತಿರುಗಿದೆ.

ಆಮೇಲೆ ಫೋನಿನಲ್ಲಿ ವಿಡಿಯೊ ನೋಡುವುದು, ಬಿಚ್ಚುವುದು, ಜೋಡಿಸುವುದು. ಎಣ್ಣೆಯನ್ನೆಲ್ಲ ಒರೆಸಿ ತೆಗೆದರು. ಸ್ಪ್ರಿಂಗನ್ನು ನೆಲದ ಮೇಲೆ ಉರುಳಿಸಿದರೆ ಕುಂಟುತ್ತಿತ್ತು. ಕಲಬುರಗಿಯಿಂದ ನೆಟ್ಟಗಿನದು ತರಿಸಿದರು. ನೀರಿನ ಬಾಟಲಿ ಕತ್ತರಿಸಿ, ಆ ಪ್ಲಾಸ್ಟಿಕ್ಕನ್ನು ಸ್ಪ್ರಿಂಗು ಅದುರದಂತೆ ಸುತ್ತಲೂ ತೊಡಿಸಿದರು. ಗ್ರೀಸು ಬೆರಳಿಗೆ ಹತ್ತಿದಷ್ಟೇ. ಬಂದೂಕನ್ನು ಹೊಸ್ತಿಲಿಗೆ ಒತ್ತಿ, ಸ್ಪ್ರಿಂಗು ಒಳಗೆ ಕೂರಲೆಂದು ಅದರ ಮೇಲಿಟ್ಟ ಹಲಗೆಗೆ ನಾನು ಭಾರ ಹಾಕಿದರೆ ಅವರು ಮೊಳೆ ಕೂರಿಸುತ್ತಿದ್ದರು. ರೊಟ್ಟಿ ಬಿಟ್ಟು ಎದ್ದು ಬರುವ ನನಗೆ ಸಾಕುಸಾಕಾಗಿತ್ತು.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಹೋಲ್ಡಾನ್ ಎನ್ನದೆಯೇ ಗುಂಡು ಬಿಟ್ಟರು. ಟುಪ್ ಎಂದಿತು, ಅಷ್ಟೇ. ಅತ್ತೆ ಕಣ್ಣು ತೆರೆಯಲಿಲ್ಲ. ಮಾಳಿಗೆಯ ಮೇಲಿನ ಮಂಗಗಳೂ ತಲೆಯೆತ್ತಲಿಲ್ಲ. ಆರಾಮಾಗಿ ನನ್ನ ಸಂಡಿಗೆ ಮೆಲ್ಲುತ್ತಿದ್ದವು.

"ಮಾವಾ, ಮಂಗ್ಯಾ ಓಡವಲ್ವುರಿ."

"ತಿನ್ಲಿ ಬಿಡವ್ವ. ಆಕಿ ನಿದ್ದಿ ಕೆಡಲಿಲ್ಲ, ನೋಡು."

ಹೊಟ್ಟೆ ಉರಿಯಿತು. ಆದರೆ ಅವರ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಮಳೆಗಾಲದಲ್ಲಿ ಅತ್ತೆ ಹೋದರು. ಮುಂದಿನ ಬೇಸಿಗೆಯಲ್ಲಿ ಮಾವ ಮತ್ತೆ ಚಾದರ ಹಾಸಿ, ಹಳೆಯ ಕುಂಟು ಸ್ಪ್ರಿಂಗನ್ನೇ ತಿರುಗಿ ಹಾಕುತ್ತಿದ್ದರು. ಬಾಟಲಿಯ ಪ್ಲಾಸ್ಟಿಕ್ಕು ಪಕ್ಕಕ್ಕೆ ಬಿದ್ದಿತ್ತು.

"ಯಾಕ್ರಿ ಮಾವಾ, ಅಷ್ಟು ಕಷ್ಟಪಟ್ಟು ಮಾಡಿದ್ರಲ್ಲ?"

"ಸಪ್ಪಳ ಆಗ್ಲಿ ಬಿಡವ್ವ. ಮನಿ ಭಾಳ ಸುಮ್ಮಾಗ್ಯದ."

ನಾನು ಹಲಗೆಗೆ ಭಾರ ಹಾಕಿದೆ, ಅವರು ಮೊಳೆ ಕೂರಿಸಿದರು. ಅವರು ಬಂದೂಕು ಹಿಡಿದದ್ದು ಅದೇ ಕೊನೆ. ಆ ವರ್ಷ ಅವರು ದಾಟಲಿಲ್ಲ. ಅವತ್ತು ಕಟ್ಟೆಯ ಮೇಲೆ ಕೂತು, ಗುಂಡು ತುಂಬಿ, ಒಳಕೋಣೆಯ ಕಡೆ ಮುಖ ಮಾಡಿ "ಹೋಲ್ಡಾನ್" ಎಂದರು. ಬಂದೂಕು ಹೆಗಲಿಗೇ ಇತ್ತು. ಮಂಗ ತಿನ್ನುತ್ತಲೇ ಇದ್ದವು. ಮಾವ ಕಾಯುತ್ತಲೇ ಇದ್ದರು.

ನಾನು ಹಿಟ್ಟಿನ ಕೈಯಲ್ಲೇ ಒಳಗೆ ಹೋದೆ. ಖಾಲಿ ಮಂಚದ ಪಕ್ಕದ ಗೂಡಿನಲ್ಲಿ ಚಮಚ ಇನ್ನೂ ಇತ್ತು. ಸರಳಿಗೆ ಎರಡು ಸಲ ಬಡಿದೆ.

"ರೈಟ್" ಎಂಬ ದನಿ ಸ್ವಲ್ಪ ತಡವಾಗಿ ಬಂತು. ಆಮೇಲೆ ಠಣ್ ಎಂದಿತು. ಗೊತ್ತಿದ್ದೂ ಗೊತ್ತಿದ್ದೂ ನನ್ನ ಮೈ ನಡುಗಿತು.