ಬಾಟಲಿಯ ಕುತ್ತಿಗೆಯ ವಿಭೂತಿ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಆದರೆ ಕೆಂಗೇರಿಯ ಆ ಲ್ಯಾಬಿನಲ್ಲಿ ಪಟ್ಟಷ್ಟು ಹೊಟ್ಟೆಕಿಚ್ಚನ್ನು ಮತ್ತೆಲ್ಲೂ ಪಟ್ಟಿಲ್ಲ.

ಎರಡು ಸಾವಿರದ ಐದರ ಸುಮಾರು. ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸುವುದು ನಮ್ಮ ಸಂಶೋಧನೆ. ಕೊಳವೆಯೊಳಗೆ ನೀರಂಟದ ಲೇಪವಿದ್ದರೆ, ಗೋಡೆಗೆ ತಾಗಿದ ನೀರೂ ಕೊಂಚ ಜಾರುತ್ತದೆ. ಗೋಡೆಯ ವಿದ್ಯುದಾವೇಶ ಹೆಚ್ಚಾದರೆ, ನೀರಿನೊಳಗಿನ ವಿರುದ್ಧ ಆವೇಶದ ಕಣಗಳು ಅಲ್ಲೇ ಗುಂಪುಗೂಡಿ ಆ ಜಾರಾಟಕ್ಕೆ ಅಡ್ಡ ಬರುತ್ತವೆ. ಎಷ್ಟು ಅಡ್ಡ ಬರುತ್ತವೆ ಎಂದು ಅಳೆಯಬೇಕಿತ್ತು. ಅಳೆಯುತ್ತಿದ್ದವರು ಇಬ್ಬರು, ನಾನು ಮತ್ತು ದಾವಣಗೆರೆಯಿಂದ ಬಂದು ಗೋವಿಂದರಾಜನಗರದಲ್ಲಿ ರೂಮು ಮಾಡಿದ್ದ ಗೆಳೆಯ. ಅಂಕಿಗಳು ಯಾರವು ಚೆನ್ನಾಗಿವೆಯೋ ಅವರನ್ನೇ ಸೆಮಿನಾರಿಗೆ ಕಳಿಸುವುದಾಗಿ ಗೈಡ್ ಹೇಳಿದ್ದರು.

ಅವನ ಅಂಕಿಗಳು ಸಾಲಾಗಿ ಕೂರುತ್ತಿದ್ದವು. ನನ್ನವು ಚೆಲ್ಲಾಪಿಲ್ಲಿ.

ಆಯುಧಪೂಜೆಯ ದಿನ ಅವನು ತನ್ನ ನೀರಿನ ಬಾಟಲಿಯ ಹೊಟ್ಟೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದ. ನಾನು ಸುಮ್ಮನಿರಲಾರದೆ, ಅವನಿಗಿಂತ ಮೇಲಿರಲಿ ಎಂದು, ನನ್ನ ಬಾಟಲಿಯ ಕುತ್ತಿಗೆಗೇ ದಪ್ಪವಾಗಿ ಬಳಿದೆ.

ರಜೆ ಮುಗಿಸಿ ಬಂದು ಹರಿಸಿದರೆ ನನ್ನ ನೀರು ಜಾರಲೇ ಇಲ್ಲ. ನಾಲ್ಕು ಕೊಳವೆ ಬದಲಿಸಿದರೂ ಅಷ್ಟೇ. ತಲೆ ಕೆಟ್ಟುಹೋಯಿತು.

"ನನ್ನ ನೀರಿಗೆ ಏನು ಹಾಕಿದೀಯ? ನಿಜ ಹೇಳು," ಎಂದು ಕೂಗಾಡಿದೆ.

"ನಾನ್ಯಾಕೆ ಹಾಕ್ಲಿ ಮಗಾ?" ಎಂದು ಅವನು ಆ ನೀರಿಗೆ ಪಿಎಚ್ ಕಾಗದ ಅದ್ದಿದ. ಕಾಗದ ನೀಲಿಗೆ ತಿರುಗಿತು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಣಗಿದ ವಿಭೂತಿ, ನಾನು ಮುಚ್ಚಳ ತಿರುಗಿಸಿದಾಗಲೆಲ್ಲ ಉದುರಿ ಒಳಗೆ ಬಿದ್ದಿತ್ತು. ಬೂದಿಯ ಕ್ಷಾರ ಗಾಜಿನ ಆವೇಶ ಹೆಚ್ಚಿಸಿತ್ತು. ನನ್ನ ನೀರನ್ನು ಕೆಡಿಸಿದ್ದವನು ನಾನೇ.

ಅಷ್ಟರಲ್ಲಿ ಗೈಡ್ ಬಂದು, ನಾನು ಬರೆದಿಟ್ಟಿದ್ದ ಜಾರಾಟದ ಅಂಕಿಗಳನ್ನು ನೋಡಿದರು. "ಏನಪ್ಪಾ ಗಲಾಟೆ? ಸೊನ್ನೆ ಯಾಕ್ ಬರ್ತಾ ಇದೆ?"

ಅವನು ಕರವಸ್ತ್ರದಿಂದ ಬಾಟಲಿಯ ಕುತ್ತಿಗೆ ಒರೆಸುತ್ತ, "ನೀರು ಹಳೇದಾಗಿತ್ತು ಸಾರ್. ನನ್ ನೀರು ಕೊಡ್ತೀನಿ," ಎಂದ.

ಅವನ ನೀರಿನಲ್ಲಿ ನನ್ನ ಅಂಕಿಗಳು ಸರಿಬಂದವು. ಸೆಮಿನಾರಿಗೆ ಮಾತ್ರ ಅವನೇ ಹೋದ. ಮಾರೇನಹಳ್ಳಿಯ ಮನೆಗೆ ಬಸ್ಸಿನಲ್ಲಿ ಹೋಗುವಾಗ ನನ್ನನ್ನು ಸುಟ್ಟದ್ದು ಆ ಸೆಮಿನಾರಲ್ಲ, ಆ ಕರವಸ್ತ್ರ. ಬಾಟಲಿ ಅವನದಾಗಿದ್ದರೆ ನಾನು ಒರೆಸುತ್ತಿರಲಿಲ್ಲ. ಗೈಡ್ ಬರುವವರೆಗೆ ಬೆಳಕಿಗೆ ಹಿಡಿದೇ ನಿಂತಿರುತ್ತಿದ್ದೆ.