ತೊಟ್ಟಿಲ ಬಟ್ಟೆಯ ವಾಸನೆ

ಅಕ್ಕನ ಮೊದಲ ಮಗನನ್ನು ನೋಡಿದವರೆಲ್ಲ ದೃಷ್ಟಿ ತೆಗೆಯುತ್ತಿದ್ದರು. ಎಣ್ಣೆಗಪ್ಪಿನ ನಮ್ಮ ಮನೆತನದಲ್ಲಿ ಹಾಲಿನಂಥ ಮೈ, ಜೋಳದ ತೆನೆಯಂಥ ಕೂದಲು. "ದೊರೆಮಗ ಹುಟ್ಟವ್ನೆ ಕಣಮ್ಮ!" ಎಂದು ಕೊರಟಗೆರೆಯ ನಮ್ಮ ಬೀದಿಯ ಹೆಂಗಸರು ಕೆನ್ನೆ ಹಿಂಡಿ ಹೋಗುತ್ತಿದ್ದರು. ಆ ದೊರೆಮಗ ನಾಲ್ಕು ತುಂಬಿದರೂ ಅವ್ವ ಎನ್ನಲಿಲ್ಲ. ಕೂತಲ್ಲೇ ತೂಗಾಡುತ್ತ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಎಷ್ಟು ಒಗೆದರೂ ಅವನ ಬಟ್ಟೆಯಿಂದ ಇಲಿ ಗೂಡು ಕಟ್ಟಿದ ಪೆಟ್ಟಿಗೆಯ ವಾಸನೆ ಹೋಗುತ್ತಿರಲಿಲ್ಲ. ಆಗ ದೊರೆಮಗ ಎಂಬ ಮಾತನ್ನು ಎಲ್ಲರೂ ಮರೆತರು.

ಅಕ್ಕನನ್ನು ಕೊಟ್ಟದ್ದು ನಮ್ಮ ತಾಯಿಯ ತಮ್ಮನಿಗೇ. ಹೆಣ್ಣಿನ ಮೇಲೆ ಅವಳ ಸೋದರಮಾವನಿಗೆ ಮೊದಲ ಹಕ್ಕು ಎಂಬುದು ನಮ್ಮವರ ಕಟ್ಟಳೆ. ಹಾಗಾಗಿ ಅಜ್ಜಿಯೇ ಅಕ್ಕನಿಗೆ ಅತ್ತೆ. ಅಕ್ಕ ಎರಡನೆಯ ಸಲ ಬಸುರಾದಾಗ ಅಜ್ಜಿ ಸಿದ್ದರಬೆಟ್ಟದ ಗವಿಯಿಂದ ರೋಗ ಕಳೆಯುವ ನೀರು ತರಿಸಿ ಕುಡಿಸತೊಡಗಿದಳು. ತುಮಕೂರಿನ ಹೈಸ್ಕೂಲಿನ ಚರ್ಚಾಕೂಟದಲ್ಲಿ ಪಳಗಿದ್ದ ನಾನು ಸುಮ್ಮನಿರುವವನೇ?

"ಬೆಟ್ಟದ ನೀರಿಗೂ ಮಿದುಳಿಗೂ ಏನು ಸಂಬಂಧ ಅಜ್ಜಿ? ನೀನು ಹೆತ್ತ ಮೊದಲ್ನೇ ಮಗೂನೂ ಹಿಂಗೇ ಬೆಳ್ಳಗಿದ್ದು, ಮಾತು ಬರದೇನೆ ಸತ್ತಿತ್ತಲ್ಲ? ಇದು ಮನೆಯ ರಕ್ತದಲ್ಲೇ ಐತೆ, ಮಾವನಿಗೇ ಕೊಟ್ಟಿದ್ದಕ್ಕೆ ಮತ್ತೆ ಬಂತು."

"ಎದುರುಮನೆಯವಳೂ ಮಾವನ್ನೇ ಕಟ್ಕಂಡವಳೆ. ಅವಳ ಮಕ್ಳು ಗಿಣಿ ಮಾತಾಡ್ದಂಗೆ ಮಾತಾಡಲ್ವೇನ್ಲಾ? ಅದುಕ್ಕೇನಂತೀಯೋ, ಲಾಯರಪ್ಪ?"

ಅದಕ್ಕೂ ಉತ್ತರವಿತ್ತು. ಎಲ್ಲ ಮನೆಯಲ್ಲೂ ಈ ದೋಷ ಇರಬೇಕೆಂದಿಲ್ಲ. ಇರುವ ಮನೆಯಲ್ಲಿ ಒಳಗೊಳಗೇ ಕೊಟ್ಟು ತಂದರೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಮಗುವಿಗೆ ಇಳಿಯಬಹುದು ಎಂದೆ. ಮಾವ ಜಗಲಿಯಿಂದ ಎದ್ದು ಹೋದ.

ಹೊಸಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಕೇಳಿದಳು: "ಅಂಗಾರೆ, ನನ್ನ ಹೊಟ್ಟೇಲಿರೋದು?"

"ಇದಕ್ಕೂ ಬರಬಹುದು. ಬರದೆಯೂ ಇರಬಹುದು."

"ನೀನು ಗೆದ್ರೆ ನನ್ನ ಕೂಸು ಹೋಗ್ತದೆ ಕಣ್ಲಾ. ಈ ಒಂದು ಸಲ ಸೋತ್ಬುಡು."

ಹೆಣ್ಣು ಹುಟ್ಟಿತು. ತಲೆ ತುಂಬ ಕಾಡಿಗೆಯಂಥ ಕೂದಲು. ಮಗಳು ಕಪ್ಪಗಿದ್ದಾಳೆಂದು ಹಿಗ್ಗಿದ ತಾಯಿಯನ್ನು ನಮ್ಮ ಬೀದಿ ಅದೊಂದೇ ಸಲ ಕಂಡಿರಬೇಕು. "ಬೆಟ್ಟದ ನೀರು ಏನು ಮಾಡ್ತು ನೋಡ್ದ್ಯೇನ್ಲಾ?" ಎಂದು ಅಜ್ಜಿ ಕೆಣಕಿದಳು.

ಬೇಸಿಗೆ ರಜೆಗೆ ಬಂದಾಗ ಎದುರುಮನೆಯವಳು ತೊಟ್ಟಿಲು ತೂಗುತ್ತಿದ್ದಳು. "ಇವಳೂವೆ ಅಣ್ಣನಂಗೇ ಬೆಳ್ಳಗಾಯ್ತಾವ್ಳೆ, ಪುಣ್ಯವಂತೆ!" ಕೂದಲು ಕೆಂಚಗಾಗಿತ್ತು. ಗಿಲಕಿ ಆಡಿಸಿದರೂ ಮಗುವಿನ ಕಣ್ಣು ಇತ್ತ ತಿರುಗಲಿಲ್ಲ.

ಅಕ್ಕ ನನ್ನನ್ನು ಹಿತ್ತಲಿಗೆ ಕರೆದು, ಒಗೆದು ಒಣಗಿಸಿದ ತೊಟ್ಟಿಲ ಬಟ್ಟೆಯನ್ನು ಮೂಗಿಗೆ ಹಿಡಿದಳು. "ನನ್ನ ಮೂಗ್ನ ನಾನು ನಂಬಲ್ಲ. ನೀನೇಳು."

"ಏನೂ ಇಲ್ಲ ಅಕ್ಕ. ಬಿಸಿಲ ವಾಸನೆ, ಅಷ್ಟೆ."

ಅವಳು ನನ್ನ ಮುಖವನ್ನೇ ನೋಡಿದಳು.

"ಎಲ್ಲದ್ಕೂ ವಾದ ಮಾಡೋನು, ಇದುಕ್ಕೆ ಇಷ್ಟು ಬೇಗ ಒಪ್ಕಂಡ್ಬುಟ್ಟೆಯಲ್ಲೋ" ಎಂದು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು.